ದೃಷ್ಟಾಂತವೂ ಪ್ರಮಾಣವೂ: ಎರಡು ಸೀಳುಗಳ ಪ್ರಯೋಗದ ವ್ಯಾಖ್ಯಾನವನ್ನು ಕುರಿತು

ಚಾಮರಾಜನಗರಕ್ಕೆ ಸಮೀಪದಲ್ಲಿರುವ ಹರದನಹಳ್ಳಿಯು ವೀರಶೈವ ಸಾಹಿತ್ಯದ ಚರಿತ್ರೆಯಲ್ಲಿ ಹಿರಿದಾದ ಸ್ಥಾನವನ್ನು ಪಡೆದಿರುವುದಷ್ಟೆ. ತೋಂಟದ ಸಿದ್ಧಲಿಂಗಯತಿಗಳಿಗೆ ಗುರುಗಳಾದ ಗೋಸಲ ಚನ್ನಬಸವೇಶ್ವರರ ಪೀಠವು ಇಲ್ಲಿಯದು. ಷಟ್‌ಸ್ಥಲಜ್ಞಾನಸಾರಾಮೃತವು ಆ ಯತಿಗಳ ಕೃತಿ; ಶೂನ್ಯಸಂಪಾದನೆಯ ಸಂಕಲನಕಾರರಲ್ಲೊಬ್ಬರಾದ ಗೂಳೂರು ಸಿದ್ಧವೀರಣ್ಣೊಡೆಯರು ಅವರ ಶಿಷ್ಯಪರಂಪರೆಗೆ ಸೇರಿದವರು. ಈ ಪರಂಪರೆಯ ‘ಶೂನ್ಯ’, ‘ಬಯಲು’ ಎಂಬ ಮಾತುಗಳನ್ನು ಈಚೆಗೆ ಕೆಲವರು ಕ್ವಾಂಟಂ ಭೌತಶಾಸ್ತ್ರದ ಎರಡು ಸೀಳುಗಳ ಪ್ರಯೋಗದಿಂದ ವಿವರಿಸತೊಡಗಿದ್ದಾರೆ. ನೋಡುವವನಿಲ್ಲದಾಗ ವಸ್ತುವಿಲ್ಲ, ನೋಡಿದೊಡನೆ ಅದು ಉಂಟಾಗುತ್ತದೆ, ಆದುದರಿಂದ ಶರಣರ ಅನುಭಾವವು ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು ಎಂಬುದು ಅವರ ವಾದ. ಈ ವಾದವು ನಿಲ್ಲತಕ್ಕದ್ದೇ ಎಂಬುದು ಇಲ್ಲಿಯ ವಿಚಾರ.

ಮೊದಲು ಪ್ರಯೋಗದ ಸ್ವರೂಪವನ್ನು ತಿಳಿಯಬೇಕು. ಥಾಮಸ್ ಯಂಗನು 1807ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ಎರಡು ಸಣ್ಣ ರಂಧ್ರಗಳ ಮೂಲಕ ಹಾಯ್ದ ಬೆಳಕು ಪರದೆಯ ಮೇಲೆ ಬೆಳಕು ಕತ್ತಲೆಗಳ ಪಟ್ಟೆಗಳನ್ನು ಉಂಟುಮಾಡುವುದೆಂದು ವಿವರಿಸಿದನು. 1989ರಲ್ಲಿ ಜಪಾನಿನ ಅಕಿರಾ ಟೊನೊಮುರಾ ಮತ್ತು ಸಂಗಡಿಗರು, ಸೀಳುಗಳಿಗೆ ಬದಲಾಗಿ ಎಲೆಕ್ಟ್ರಾನ್ ದ್ವಿಪ್ರಿಸಮವನ್ನಿಟ್ಟು, ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳುಹಿಸಿದರು. ಪ್ರತಿಯೊಂದೂ ಒಂದೇ ಚುಕ್ಕೆಯಾಗಿ ಬಿದ್ದಿತು. ಮೊದಲ ಚುಕ್ಕೆಗಳಲ್ಲಿ ಯಾವ ಕ್ರಮವೂ ಕಾಣಲಿಲ್ಲ. ಸಾವಿರಾರು ಚುಕ್ಕೆಗಳು ಸೇರಿದ ಮೇಲೆ ಪಟ್ಟೆಗಳು ಸ್ಪಷ್ಟವಾದುವು. ಎಲೆಕ್ಟ್ರಾನು ಯಾವ ದಾರಿಯಿಂದ ಹೋಯಿತೆಂಬ ಗುರುತು ಎಲ್ಲಿಯಾದರೂ ಉಳಿಯುವಂತೆ ಮಾಡಿದರೆ ಪಟ್ಟೆಗಳು ಅಳಿಯುತ್ತವೆ. ಇಷ್ಟು ಸರ್ವಸಮ್ಮತ.

ಇದನ್ನು ಶ್ಲೇಷಾಲಂಕಾರಕ್ಕೆ ಹೋಲಿಸುವ ರೂಢಿಯೂ ಉಂಟು: ಒಂದೇ ಶಬ್ದಕ್ಕೆ ಎರಡರ್ಥವಿರುವಂತೆ ಒಂದೇ ಕಣಕ್ಕೆ ಎರಡು ದಾರಿ ಎಂದು. ಹೋಲಿಕೆ ರಮ್ಯವಾದರೂ ಸಾಧುವಲ್ಲ. ಶ್ಲೇಷದಲ್ಲಿ ಎರಡನೆಯ ಅರ್ಥವು ಮೊದಲನೆಯದನ್ನು ಅಳಿಸದೆ ಅದರೊಡನೆ ಕೂಡುತ್ತದೆ. ಇಲ್ಲಿಯಾದರೋ, ಒಂದು ಸೀಳು ಮಾತ್ರ ತೆರೆದಿದ್ದಾಗ ಬೆಳಕಿದ್ದ ಕೆಲವು ಸ್ಥಳಗಳು ಎರಡನೆಯದನ್ನೂ ತೆರೆದಾಗ ಕತ್ತಲಾಗುತ್ತವೆ. ಕೂಡಿಸಿದರೆ ಕಡಮೆಯಾಗುವ ಈ ವಿಶೇಷವೇ ಪ್ರಯೋಗದ ಜೀವಾಳ. ಉಪಮೆಯು ಅದನ್ನೇ ಬಿಟ್ಟುಬಿಡುತ್ತದೆ.

ಇನ್ನು ‘ನೋಡುವವನು’ ಎಂಬ ಮಾತು. ಪೂರ್ವಪಕ್ಷಕ್ಕೆ ಆಧಾರವೇ ಇಲ್ಲವೆಂದು ಹೇಳುವಂತಿಲ್ಲ. ಯೂಜಿನ್ ವಿಗ್ನರನಂತಹ ಶ್ರೇಷ್ಠ ವಿಜ್ಞಾನಿಯು 1961ರಲ್ಲಿ ಚೈತನ್ಯಕ್ಕೆ ಇಂತಹ ಪಾತ್ರವನ್ನು ಕಲ್ಪಿಸಿದ್ದನು. ಆದರೆ ಮುಂದೆ ತಾನೇ ಆ ಮತವನ್ನು ತ್ಯಜಿಸಿದನು. ವಿಯೆನ್ನಾ ನಗರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ವಿಷಯದಲ್ಲಿ ಬೋಧಪ್ರದವಾಗಿದೆ. ಎಪ್ಪತ್ತು ಇಂಗಾಲದ ಪರಮಾಣುಗಳುಳ್ಳ ಅಣುಗಳನ್ನು ಕಾಯಿಸಿ ಸೂಕ್ಷ್ಮವಾದ ಜಾಲರಿಗಳ ಮೂಲಕ ಹಾಯಿಸಿದರು. ಕಾವು ಹೆಚ್ಚಿದಂತೆ ಪಟ್ಟೆಗಳು ಮಸುಕಾದುವು. ಕಾರಣವೇನೆಂದರೆ, ಕಾದ ಅಣುವು ಹೊರಸೂಸುವ ವಿಕಿರಣವೇ ಅದರ ದಾರಿಯ ಗುರುತನ್ನು ಹೊತ್ತೊಯ್ಯುತ್ತದೆ. ಆ ವಿಕಿರಣವನ್ನು ಯಾರೂ ಹಿಡಿದು ಪರೀಕ್ಷಿಸಬೇಕಾಗಿಲ್ಲ. ಹೀಗಿರಲಾಗಿ ‘ವೀಕ್ಷಣ’ವೆಂಬ ಪದವು ಇಲ್ಲಿ ಪಾರಿಭಾಷಿಕವೇ ಹೊರತು ‘ಸಾಕ್ಷಿಚೈತನ್ಯ’ಕ್ಕೆ ಪರ್ಯಾಯವಲ್ಲ. ಪಾರಿಭಾಷಿಕ ಪದಕ್ಕೆ ಲೋಕರೂಢಿಯ ಅರ್ಥವನ್ನು ಹಚ್ಚುವುದು ವ್ಯಾಖ್ಯಾನದೋಷಗಳಲ್ಲಿ ಮೊದಲನೆಯದು.

ಹಾಗಾದರೆ ನಡೆಯುವುದಾದರೂ ಏನು? ಇಲ್ಲಿ ಭೌತಜ್ಞರಲ್ಲಿಯೇ ಮತಭೇದವುಂಟು. ಗುರುತಿಡುವ ಉಪಕರಣವನ್ನು ಬಿಟ್ಟು ದಾರಿಯ ಮಾತನ್ನೇ ಆಡಬಾರದೆಂದು ಬೋರ್; ಕಣವು ಒಂದೇ ಸೀಳಿನಿಂದ ಹೋಗುತ್ತದೆ, ಅದನ್ನು ನಡೆಸುವ ಅಲೆಯು ಎರಡರಿಂದಲೂ ಹೋಗುತ್ತದೆಂದು 1952ರಲ್ಲಿ ಬೋಮ್; ಅಲೆಯ ಯಾವ ಶಾಖೆಯೂ ಲೋಪವಾಗುವುದಿಲ್ಲವೆಂದು 1957ರಲ್ಲಿ ಎವರೆಟ್. ಪರದೆಯ ಮೇಲಿನ ಪಟ್ಟೆಗಳ ವಿಷಯದಲ್ಲಿ ಈ ಮೂವರ ಲೆಕ್ಕವೂ ಒಂದೇ. ಮೂಲವೊಂದು, ಭಾಷ್ಯಗಳು ಹಲವು. ಅವುಗಳಲ್ಲಿ ಒಂದನ್ನು ಹಿಡಿದು ‘ಇದೇ ಪ್ರಯೋಗದ ಮಾತು’ ಎನ್ನುವುದು ಭಾಷ್ಯವನ್ನೇ ಸೂತ್ರವೆಂದು ಓದಿದಂತಾಗುತ್ತದೆ.

ಭಾಷ್ಯಕ್ಕೆ ಮುನ್ನ ಪಾಠಪರಿಷ್ಕರಣ ನಡೆಯಬೇಕೆಂಬುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು. ಆ ಬಗೆಯ ಕಾರ್ಯಕ್ಕೆ ಕನ್ನಡನಾಡಿನಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಊರ್ಬಸಿ ಸಿನ್ಹಾ ಅವರು, ಅದಕ್ಕೂ ಮೊದಲು ಕೆನಡಾದಲ್ಲಿ ಸಂಗಡಿಗರೊಡನೆ ಮೂರು ಸೀಳುಗಳ ಪ್ರಯೋಗವನ್ನು ನಡೆಸಿ 2010ರಲ್ಲಿ ಪ್ರಕಟಿಸಿದರು. ಅಲೆಗಳು ಎರಡೆರಡಾಗಿ ಕೂಡುವುದಲ್ಲದೆ ಮೂರೂ ಸೇರಿ ಹೊಸತೇನನ್ನಾದರೂ ಉಂಟುಮಾಡುವುವೇ ಎಂಬುದು ಅಲ್ಲಿಯ ಪ್ರಶ್ನೆ. ಹಾಗೇನಾದರೂ ಇದ್ದರೆ ಅದು ಜೋಡಿಗಳ ಪರಿಣಾಮದ ನೂರರಲ್ಲೊಂದು ಪಾಲಿಗಿಂತ ಕಡಮೆಯೆಂದು ಕಂಡುಬಂದಿತು. ಮುಂದೆ 2018ರಲ್ಲಿ ಅವರ ತಂಡವು ಗೌರಿಬಿದನೂರಿನಲ್ಲಿ ಸೂಕ್ಷ್ಮತರಂಗಗಳಿಂದ ನಡೆಸಿದ ಪ್ರಯೋಗವನ್ನು ಪ್ರಕಟಿಸಿತು. ಸೀಳುಗಳನ್ನು ಪ್ರತ್ಯೇಕವಾಗಿ ತೆರೆದಾಗಿನ ಅಲೆಗಳ ಮೊತ್ತವೇ ಎಲ್ಲವನ್ನೂ ತೆರೆದಾಗಿನ ಅಲೆಯೆಂದು ಪಾಠಪುಸ್ತಕಗಳು ಹೇಳುವುದು ಸ್ಥೂಲವಾದ ಮಾತೆಂದು ಅದರಿಂದ ತೋರಿಬಂದಿತು. ಅಧ್ಯಾರೋಪಣ ತತ್ತ್ವವೇನೂ ಇದರಿಂದ ಬೀಳಲಿಲ್ಲ. ಅದನ್ನು ಅನ್ವಯಿಸುವ ವಾಡಿಕೆಯ ಕ್ರಮವು ತಿದ್ದಲ್ಪಟ್ಟಿತು.

ಇಂತಹ ಎಚ್ಚರವನ್ನು ವಚನಗಳಿಗೂ ಸಲ್ಲಿಸಬೇಡವೇ? ಶೂನ್ಯವೆಂಬುದು ಅಭಾವವಲ್ಲ, ಗುರುಕರುಣೆಯಿಂದಲೂ ಷಟ್‌ಸ್ಥಲಸಾಧನೆಯಿಂದಲೂ ಸಂಪಾದಿಸತಕ್ಕ ನಿಲವು. ಅದಕ್ಕೆ ಪ್ರಮಾಣ ಸ್ವಾನುಭಾವ. ಎಲೆಕ್ಟ್ರಾನಿಗೆ ಪ್ರಮಾಣ ಅಳತೆ. ಒಂದರ ಪ್ರಮಾಣವನ್ನು ಮತ್ತೊಂದಕ್ಕೆ ಹೂಡಿದರೆ ಎರಡಕ್ಕೂ ಹಾನಿ: ನಾಳೆ ಭೌತಶಾಸ್ತ್ರದ ಭಾಷ್ಯವು ಬದಲಾದರೆ ಸಿದ್ಧಲಿಂಗಯತಿಗಳ ವಚನವೂ ಬಿದ್ದುಹೋಯಿತೆಂದು ಒಪ್ಪಬೇಕಾದೀತು. ಹರದನಹಳ್ಳಿಯ ಗುರುಪರಂಪರೆಯು ಪ್ರಯೋಗಶಾಲೆಯ ಮುದ್ರೆಯನ್ನು ಬೇಡಿ ಬಾಳಿದುದಲ್ಲ. ಅಧ್ಯಾಪಕರು ಈ ಪ್ರಯೋಗವನ್ನು ದೃಷ್ಟಾಂತವಾಗಿ ಬಳಸುವುದರಲ್ಲಿ ದೋಷವಿಲ್ಲ. ಆದರೆ ದೃಷ್ಟಾಂತವು ಎಲ್ಲಿ ಮುಗಿಯುವುದೆಂಬುದನ್ನೂ ಅದೇ ಪಾಠದಲ್ಲಿ ಹೇಳತಕ್ಕದ್ದು.