ಇನ್ನೊಬ್ಬರು ಅರ್ಧ ಕಟ್ಟಿದ ರೆಕ್ಕೆ

ಕೇರಳದ ಅನಂತಪುರದ ಸರೋವರ ದೇವಾಲಯದಲ್ಲಿ ಮೊದಲಿದ್ದ ವಿಗ್ರಹಗಳು ಕಲ್ಲಿನವಲ್ಲ, ಲೋಹದವೂ ಅಲ್ಲ. ಎಪ್ಪತ್ತಕ್ಕೂ ಹೆಚ್ಚು ದ್ರವ್ಯಗಳ ಕಡುಶರ್ಕರ ಪಾಕದವು. 1972ರಲ್ಲಿ ಅವುಗಳ ಜಾಗಕ್ಕೆ ಪಂಚಲೋಹದವು ಬಂದವು. ಕಡುಶರ್ಕರದ ಕ್ರಮದಲ್ಲಿ ಒಳಗೆ ಮರದ ಎಲುಬು, ಅದಕ್ಕೆ ಸುತ್ತಿದ ತೆಂಗಿನ ನಾರು, ಮೇಲೆ ಪದರ ಪದರವಾಗಿ ಪಾಕ. ಕೊನೆಯ ಪದರ ಬಿದ್ದ ಮೇಲೆ ಒಳಗೇನಿದೆಯೆಂದು ನೋಡಲಾಗದು; ಮಾಡಿದ ಕೈಯನ್ನೇ ನಂಬಬೇಕು. ಯಾರೋ ಮನೆಯಲ್ಲಿ ಕಟ್ಟತೊಡಗಿ ಅರ್ಧಕ್ಕೆ ಬಿಟ್ಟ ವಿಮಾನವನ್ನು ಕೊಳ್ಳುವ ಪದ್ಧತಿಯ ಬಗ್ಗೆ ಯೋಚಿಸುವಾಗ ನನಗೆ ಈ ಪದರಗಳೇ ನೆನಪಾಗುತ್ತವೆ.

ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಿ ಹೀಗೆ ಮನೆಯಲ್ಲಿ ಪದರ ಪದರವಾಗಿ ಕಟ್ಟುವ ವಿಮಾನ. ಫೋಮಿನ ತಿರುಳು, ಅದರ ಮೇಲೆ ಎಪಾಕ್ಸಿಯಲ್ಲಿ ನೆನೆಸಿದ ಗಾಜಿನ ಬಟ್ಟೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ 1980ರ ದಶಕದಲ್ಲಿ ಈ ವಿನ್ಯಾಸವನ್ನು ಆಧರಿಸಿ ಒಂದು ಪುಟ್ಟ ಸಂಶೋಧನಾ ವಿಮಾನ ಕಟ್ಟಿತು. ಅಲ್ಲಿ ಪ್ರತಿ ಪದರಕ್ಕೂ ಲೆಕ್ಕವಿಡುವವರಿದ್ದರು. ಮನೆಯ ಶೆಡ್ಡಿನಲ್ಲಿ ಒಬ್ಬರೇ ಇರುತ್ತಾರೆ. ಬಟ್ಟೆ ಒಂದು ಪದರ ಕಡಿಮೆಯಾಗಿದ್ದರೂ, ಎಪಾಕ್ಸಿಯ ಅಳತೆ ತಪ್ಪಿದ್ದರೂ, ಮೇಲೆ ಬಣ್ಣ ಬಳಿದರೆ ಎಲ್ಲ ರೆಕ್ಕೆಗಳೂ ಒಂದೇ ಥರ ಹೊಳೆಯುತ್ತವೆ. ನಾಣ್ಯದಿಂದ ತಟ್ಟಿ ನೋಡಿದರೆ ಪದರ ಬಿಟ್ಟುಕೊಂಡಿರುವುದು ಸದ್ದಿನಲ್ಲಿ ತಿಳಿದೀತು. ಇಲ್ಲದ ಪದರ ಸದ್ದು ಮಾಡುವುದಿಲ್ಲ.

ಲೋಹದ ವಿಮಾನದಲ್ಲಿ ಈ ಭಯ ಕಡಿಮೆ. ರಿವೆಟ್ ಕೆಟ್ಟಿದ್ದರೆ ಕಾಣುತ್ತದೆ, ಕೊರೆದು ತೆಗೆದು ಹೊಸದು ಹಾಕಬಹುದು. ಆದರೂ ಭಾಗಗಳು ಯಾವಾಗ ಬಂದವು ಎಂದು ಕೇಳಲೇಬೇಕು: ವ್ಯಾನ್ಸ್ ಕಂಪನಿಯ ಕಿಟ್‌ಗಳಲ್ಲಿ ಲೇಸರಿನಿಂದ ಕೊರೆದ ತೂತುಗಳ ಅಂಚು ಬಿರುಕು ಬಿಡಬಹುದೆಂಬ ದೂರು 2023ರಲ್ಲಿ ಬಂತು, ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಬೇಕಾಯಿತು.

ಕಾನೂನಿನ ಅಡ್ಡಿ ದೊಡ್ಡದಲ್ಲ. ಅಮೆರಿಕದ ನಿಯಮದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳದ್ದಾಗಿರಬೇಕು, ಒಬ್ಬರದೇ ಆಗಬೇಕಿಲ್ಲ. ಅದಕ್ಕೆ ಸಾಕ್ಷಿ ಕಟ್ಟಿದವರ ದಿನಚರಿ ಮತ್ತು ಫೋಟೋಗಳು. ನನ್ನ ಮಟ್ಟಿಗೆ ಮಾರಾಟಕ್ಕಿರುವ ನಿಜವಾದ ವಸ್ತು ಅದೇ.

ಗಾಯಕ ಜಾನ್ ಡೆನ್ವರ್ ಸತ್ತ ಬಗೆ ಈ ಮಾತಿಗೆ ತೂಕ ಕೊಡುತ್ತದೆ. ಅವರು ಕೊಂಡದ್ದು ಅರ್ಧ ಕಟ್ಟಿದ್ದಲ್ಲ, ಇನ್ನೊಬ್ಬರು ಪೂರ್ತಿ ಕಟ್ಟಿ ಹಾರಿಸಿದ ಲಾಂಗ್-ಈಝಿ. ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇದ್ದ ಇಂಧನದ ವಾಲ್ವನ್ನು ಕಟ್ಟಿದವರು ಎಡ ಹೆಗಲ ಹಿಂದೆ ಇಟ್ಟಿದ್ದರು. ಇಂಧನದ ಕೊಳವೆ ಕಾಕ್‌ಪಿಟ್ಟಿಗೆ ಬಾರದಿರಲೆಂಬ ಒಳ್ಳೆಯ ಉದ್ದೇಶವೇ ಅದು. 1997ರ ಅಕ್ಟೋಬರ್ 12ರಂದು ಮಾಂಟೆರೆ ಕೊಲ್ಲಿಯ ಮೇಲೆ ಹಾರುತ್ತಿದ್ದಾಗ ವಿಮಾನ ನೀರಿಗೆ ಬಿತ್ತು. ತನಿಖೆ ಆ ವಾಲ್ವಿನತ್ತ ಬೆರಳು ತೋರಿಸಿತು: ಅದನ್ನು ತಿರುಗಿಸಲು ಹಿಂದಕ್ಕೆ ಹೊರಳಿದರೆ ಕಾಲು ತಾನಾಗಿ ರಡ್ಡರ್ ಪೆಡಲನ್ನು ಒತ್ತುತ್ತದೆ. ಕಟ್ಟಿದವರ ಮೈಗೆ ರೂಢಿಯಾಗಿದ್ದದ್ದು ಕೊಂಡವರ ಮೈಗೆ ಹೊಸದು. ಪೂರ್ತಿಯಾದ ವಿಮಾನದಲ್ಲೇ ಹೀಗಾದರೆ, ಅರ್ಧಕ್ಕೆ ಬಿಟ್ಟದ್ದರಲ್ಲಿ ಇಂಥ ತೀರ್ಮಾನಗಳು ಇನ್ನೂ ಎಷ್ಟಿರುತ್ತವೆ! ಅವನ್ನು ವಿವರಿಸಲು ಕಟ್ಟಿದವರು ಹಲವು ಸಲ ಬದುಕಿರುವುದೂ ಇಲ್ಲ; ಮಾರುವುದು ಮನೆಯವರು.

ಹಾಗೆಂದು ಈ ಪದ್ಧತಿಯನ್ನು ನಾನು ತಳ್ಳಿಹಾಕುವುದಿಲ್ಲ. ನಿಂತುಹೋದ ಶ್ರಮ ಮತ್ತೊಬ್ಬರ ಕೈಯಲ್ಲಿ ಹಾರುವುದು ದೊಡ್ಡ ಸಂಗತಿ. ಆದರೆ ದಿನಚರಿಯಿಲ್ಲದ ಎಪಾಕ್ಸಿ ರೆಕ್ಕೆ ಮುಂದೆ ಬಂದರೆ ಚಕ್ರ, ಕ್ಯಾನೊಪಿ, ಬಿಚ್ಚಿ ನೋಡಬಹುದಾದ ಬಿಡಿಭಾಗಗಳಿಗೆ ಮಾತ್ರ ಬೆಲೆ ಕಟ್ಟುತ್ತೇನೆ. ರೆಕ್ಕೆಗೆ ಸೊನ್ನೆ ಹಾಕಿ, ಹೊಸ ಫೋಮಿನಿಂದ ಶುರು ಮಾಡುತ್ತೇನೆ.