ತಾಯಿ ಯಾವ ಭಾಷೆಯಲ್ಲಿ ಗದರಿದಳು?

ಜಪಾನಿನ ಯುದ್ಧವೈಮಾನಿಕ ಸಬುರೊ ಸಕಾಯಿಯ ಆತ್ಮಕಥೆ ‘ಸಮುರಾಯ್!’ 1957ರಲ್ಲಿ ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಸಕಾಯಿ ಜಪಾನಿಯಲ್ಲಿ ಹೇಳಿದ್ದನ್ನು ಪತ್ರಕರ್ತ ಫ್ರೆಡ್ ಸೈಟೊ ಕೇಳಿಕೊಂಡ. ಅದಕ್ಕೆ ಪುಸ್ತಕದ ರೂಪ ಕೊಟ್ಟವನು ಮಾರ್ಟಿನ್ ಕೈಡಿನ್ ಎಂಬ ಅಮೆರಿಕನ್ ಲೇಖಕ. ಕೈಗಳು ಮೂವರವು, ‘ನಾನು’ ಮಾತ್ರ ಒಬ್ಬನೇ. ಕನ್ನಡದಲ್ಲಿ ಹೇಳಿ, ಮಲಯಾಳದಲ್ಲಿ ಬರೆಸಿ, ಕೆಳಗೆ ಸಹಿ ಹಾಕಿ ಬರುವ ನಮ್ಮಂಥವರಿಗೆ ಈ ‘ನಾನು’ ಯಾರೆಂದು ಕೇಳದೆ ಇರಲಾಗದು.

ಪುಸ್ತಕದ ತಿರುಳು 1942ರ ಆಗಸ್ಟ್ 7ರ ಹಾರಾಟ. ಗ್ವಾಡಲ್‌ಕೆನಾಲ್ ದ್ವೀಪಕ್ಕೆ ಅಮೆರಿಕದ ಸೇನೆ ಇಳಿದ ದಿನವದು. ರಬೌಲ್‌ನಿಂದ ಝೀರೋ ವಿಮಾನದಲ್ಲಿ ಹೊರಟಿದ್ದ ಸಕಾಯಿ, ಮುಂದೆ ಕಂಡ ಗುಂಪನ್ನು ಫೈಟರುಗಳೆಂದು ತಿಳಿದು ಹಿಂದಿನಿಂದ ನುಗ್ಗಿದ. ಅವು ಹಿಂಬದಿಯಲ್ಲಿ ಬಂದೂಕುಗಾರರಿದ್ದ ಬಾಂಬರುಗಳು. ಗಾಜು ಒಡೆಯಿತು, ಗುಂಡು ತಲೆಯನ್ನು ಸೀಳಿತು, ಬಲಗಣ್ಣು ಕಾಣದಾಯಿತು, ಎಡಗೈ ಎಡಗಾಲು ಸ್ವಾಧೀನ ತಪ್ಪಿದವು. ಹಾಗೆಯೇ 4 ಗಂಟೆ 47 ನಿಮಿಷ, ಸಾವಿರ ಕಿಲೋಮೀಟರಿಗೂ ಮಿಕ್ಕಿ ಹಾರಿ ರಬೌಲ್‌ಗೆ ಮರಳಿದ. ಇಳಿಯುವಾಗ, ಸಾಲಾಗಿ ನಿಲ್ಲಿಸಿದ್ದ ವಿಮಾನಗಳಿಗೆ ಢಿಕ್ಕಿಯಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಇಲ್ಲಿ ಬರವಣಿಗೆ ಗೆಲ್ಲುವುದು ಸಣ್ಣ ಸಂಗತಿಗಳಿಂದ. ಕೊರಳಿನ ವಸ್ತ್ರವನ್ನು ಹೆಲ್ಮೆಟ್ಟಿನಡಿಗೆ ತುರುಕಿ ರಕ್ತ ತಡೆಯುವುದು, ನೋವು ಕಡಿಮೆಯಾದೊಡನೆ ನಿದ್ದೆ ಕವಿಯುವುದು, ಮುಗಿಯುತ್ತ ಬಂದ ಇಂಧನ. ಇವು ಬರೆಯುವ ಮೇಜಿನ ಮುಂದೆ ಕೂತು ಹುಟ್ಟಿಸಿದವುಗಳಲ್ಲ. ಆದರೆ ಜೋಂಪು ಹತ್ತಿದಾಗ ತಾಯಿಯ ಮುಖ ಕಾಣಿಸಿಕೊಂಡು ಮಗನನ್ನು ಹಳಿಯುತ್ತದಲ್ಲ, ಅಲ್ಲಿ ನನ್ನ ಓದು ಮುಗ್ಗರಿಸಿತು. ಆ ಬೈಗುಳ ಅಮೆರಿಕದ ಶಾಲೆ ಹುಡುಗರ ಬಾಯಿಯದು. ಕ್ಯುಶು ದ್ವೀಪದ ಬಡ ವಿಧವೆಯೊಬ್ಬಳು ಹೀಗೆ ಗದರಿಯಾಳೇ? ತಾಯಿ ಕಂಡದ್ದು ನಿಜವಿದ್ದೀತು, ಮಾತು ಅವಳದ್ದಲ್ಲ. ನಮ್ಮ ಅಜ್ಜಿಯಂದಿರ ಬೈಗುಳವನ್ನು ಮಲಯಾಳಕ್ಕೆ ತರಲು ಹೊರಟವರಿಗೆ ಈ ಕಷ್ಟ ಗೊತ್ತು.

ಹೊಡೆದುರುಳಿಸಿದ ವಿಮಾನಗಳು 64 ಎನ್ನುತ್ತದೆ ಪುಸ್ತಕ. ಮುಂದೆ ದಾಖಲೆ ಹುಡುಕಿದವರು ಅಷ್ಟನ್ನು ಒಪ್ಪಿಲ್ಲ. ದಿನವಿಡೀ ಲೆಡ್ಜರಿನ ಮುಂದೆ ಕೂರುವ ನನ್ನ ಕಣ್ಣಿಗೂ ಅದು ವೋಚರಿಲ್ಲದ ನಮೂದು. ಗುಂಡು ಹಾರಿಸಿದವು ಅವೆಂಜರ್ ವಿಮಾನಗಳೆಂದು ಬರೆದಿದೆ; ಅವು ಡಾಂಟ್‌ಲೆಸ್‌ಗಳೆಂದು ಆಮೇಲೆ ತಿಳಿಯಿತು. ಈ ತಪ್ಪು ನನಗೆ ಆಕ್ಷೇಪವಲ್ಲ, ಅದು ಕ್ಷಣಮಾತ್ರ ಕಂಡದ್ದು. 64 ಹಾಗಲ್ಲ, ಅದು ಕೂತು ಬರೆದದ್ದು.

ಸಕಾಯಿ 2000ರಲ್ಲಿ ತೀರಿಕೊಂಡ. ಅಂದು ವಿಮಾನದಿಂದ ಇಳಿದೊಡನೆ, ವೈದ್ಯರಲ್ಲಿಗೆ ಹೋಗುವ ಮೊದಲು, ಮೇಲಧಿಕಾರಿಗೆ ವರದಿ ಒಪ್ಪಿಸಲೇಬೇಕೆಂದು ಹಟ ಹಿಡಿದನಂತೆ. ಅವನದೇ ಭಾಷೆಯ ಆ ನಾಲ್ಕು ಮಾತು ಎಲ್ಲಾದರೂ ಸಿಕ್ಕಿದರೆ, ಈ ಇಡೀ ಪುಸ್ತಕವನ್ನು ಬದಿಗಿಟ್ಟು ಅದನ್ನೇ ಓದಿಯೇನು.