ಮಧ್ಯವರ್ತಿ ಮತ್ತು ಅಧಿಕಾರಸ್ಥರ ಜಾಣಕುರುಡು

ನನ್ನ ಮಾತು ಒಂದೇ ಪ್ರಶ್ನೆಯ ಸುತ್ತ ಇದೆ: ದೊಡ್ಡವರ ಪರಿಚಯ ಇಟ್ಟುಕೊಂಡು ಕೆಲಸ ಮಾಡಿಸಿಕೊಡುವವನ ತಪ್ಪು ಆ ದೊಡ್ಡವರ ಕಣ್ಣಿಗೆ ಯಾಕೆ ಬೀಳುವುದಿಲ್ಲ?

ಮೊದಲು ಒಂದು ವ್ಯತ್ಯಾಸ ಹೇಳಿಬಿಡ್ತೀನಿ. ಗುಮ್ಮಳಾಪುರದಂಥ ಗಡಿ ಊರಲ್ಲಿ ಕನ್ನಡ ಮಾತ್ರ ಓದಿದವರಿಗೆ ದೇಂಕಣಿಕೋಟೆ ತಾಲ್ಲೂಕು ಕಚೇರಿಗೆ ಹೋದರೆ ತಮಿಳಲ್ಲಿ ಅರ್ಜಿ ಬರೆದುಕೊಡುವವರು ಬೇಕು. ಅದು ಕೆಳಗಿನವರ ಅಗತ್ಯ. ನಾನು ಹೇಳ್ತಿರೋದು ಮೇಲಿನವರ ಅಗತ್ಯದಿಂದ ಬೆಳೆಯುವ ಮಧ್ಯವರ್ತಿಯ ಬಗ್ಗೆ.

2023ರ ಜನವರಿಯ 'ಸ್ಯಾಂಟ್ರೋ ರವಿ' ಪ್ರಕರಣ ನೆನಪಿಸಿಕೊಳ್ಳಿ. ಮೈಸೂರಿನಲ್ಲಿ ಪತ್ನಿಯ ದೂರು, ಗುಜರಾತಿನಲ್ಲಿ ಬಂಧನ, ಆಮೇಲೆ ಸಿಐಡಿ ತನಿಖೆ. ಪೊಲೀಸ್ ವರ್ಗಾವಣೆ ಮಾಡಿಸುತ್ತಿದ್ದ, ದೂರು ಕೊಟ್ಟ ಹೆಂಗಸಿನ ಮೇಲೇ ಬೆಂಗಳೂರಿನ ಕಾಟನ್‌ಪೇಟೆ ಠಾಣೆಯಲ್ಲಿ ಸುಳ್ಳು ಕೇಸು ಹಾಕಿಸಿದ್ದ ಎಂಬ ಆರೋಪಗಳು ಬಂದವು. ಇವು ಆರೋಪಗಳು, ತೀರ್ಪಲ್ಲ. ಆದರೆ ಆ ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರು.

ನಮ್ಮ ಚರ್ಚೆ ಎಲ್ಲಿ ನಿಂತಿತು? ಯಾವ ನಾಯಕನ ಪಕ್ಕ ಅವನ ಫೋಟೋ ಇದೆ ಅನ್ನೋದರಲ್ಲಿ. ನನ್ನ ತಕರಾರು ಇಲ್ಲೇ. ಫೋಟೋಗೆ "ದಿನಾ ನೂರಾರು ಜನ ತೆಗೆಸಿಕೊಳ್ತಾರೆ" ಎಂಬ ಸುಲಭದ ಉತ್ತರ ಇದ್ದೇ ಇದೆ.

ಮಧ್ಯವರ್ತಿ ಅಧಿಕಾರಸ್ಥನಿಗೆ ಮಾರುವುದು ಅಂತರವನ್ನು. ಹಣ ಅವನ ಕೈಗೆ ಬರುತ್ತೆ, ಮಾತು ಅವನ ಬಾಯಲ್ಲಿ ಆಗುತ್ತೆ. "ನನಗೆ ಗೊತ್ತಿಲ್ಲ" ಅನ್ನುವ ಅವಕಾಶ ಮೇಲಿನವರಿಗೆ ಉಳಿಯುತ್ತೆ. ಆದ್ದರಿಂದ ವಿಚಾರಿಸದೇ ಇರುವುದು ಮರೆವಲ್ಲ, ವ್ಯವಹಾರದ ಷರತ್ತು. ಎರಡನೆಯದು, ಒಬ್ಬ ದೊಡ್ಡವರ ಪರಿಚಯವೇ ಇನ್ನೊಬ್ಬರಿಗೆ ಜಾಮೀನು. ಜೆಫ್ರಿ ಎಪ್‌ಸ್ಟೀನ್ 2008ರಲ್ಲೇ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದ್ದರೂ, ಆಮೇಲೂ ಗಣ್ಯರು ಅವನ ಮನೆಗೆ ಹೋಗುತ್ತಲೇ ಇದ್ದರು. ಮೂರನೆಯದು, ನೊಂದವಳು ಹೋಗಬೇಕಾದ ಬಾಗಿಲಲ್ಲಿ ಅವನ ಋಣದಲ್ಲಿರುವವನೇ ಕೂತಿರಬಹುದು.

ಹಾಗಾದರೆ ಕೇಳಬೇಕಾದ್ದೇನು? ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ ಪೊಲೀಸ್ ವರ್ಗಾವಣೆಗೆ ಪ್ರತ್ಯೇಕ ಮಂಡಳಿ ಇರಬೇಕು ಎಂದಿತು. ಮಂಡಳಿಯ ಬದಲು ಶಿಫಾರಸು ಚೀಟಿ ನಡೆಯುವ ತನಕ ರವಿಯಂಥವರ ಹೆಸರು ಬದಲಾಗುತ್ತೆ, ಕೆಲಸ ಬದಲಾಗಲ್ಲ. ವರ್ಗಾವಣೆ ಕಡತದಲ್ಲಿ ಯಾರ ಟಿಪ್ಪಣಿ ಇದೆ, ಎಫ್‌ಐಆರ್‌ಗೆ ಯಾರ ಸಹಿ ಇದೆ? ಫೋಟೋ ಪಕ್ಕಕ್ಕಿಟ್ಟು ಅದನ್ನು ಕೇಳೋಣ. ಸಹಿಗೆ ಅಷ್ಟು ಸುಲಭದ ಉತ್ತರ ಇರುವುದಿಲ್ಲ.